ಒಂದು ಚಮಚ ಅಗಸೆ, ನಾಲ್ಕು ಅಕ್ಕಿರೊಟ್ಟಿ

ಕೊಡಗಿನ ಉತ್ತರದ ತುದಿಯಲ್ಲಿರುವ ಕೊಡ್ಲಿಪೇಟೆ ದಾಟಿದರೆ ಹಾಸನ ಜಿಲ್ಲೆ. ಇತ್ತ ಅಕ್ಕಿರೊಟ್ಟಿ, ಕಡುಬು, ಅತ್ತ ರಾಗಿ. ಎರಡೂ ರುಚಿ ಕೂಡುವ ಈ ಸೀಮೆಗೆ ಈಗ, ಎಲ್ಲ ಊರುಗಳಿಗೂ ಬಂದಂತೆ, ಮೂರನೆಯದೊಂದು ತಿಂಡಿಯೂ ಬಂದು ಕೂತಿದೆ: ರಾತ್ರಿ ನೆನೆಸಿಟ್ಟ ಚಿಯಾ, ಹುರಿದ ಅಗಸೆ, ಕುಂಬಳ ಮತ್ತು ಸೂರ್ಯಕಾಂತಿ ಬೀಜದ ಪೊಟ್ಟಣ, ಓಟ್ಸ್. ರಕ್ತಪರೀಕ್ಷೆಯ ಚೀಟಿಯಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದೆ ಎಂದು ಕಂಡವರಿಗೆ ನೆಂಟರಿಷ್ಟರು ಕೊಡುವ ಮೊದಲ ಸಲಹೆ ಇದೇ. ಸಲಹೆ ಎಷ್ಟರಮಟ್ಟಿಗೆ ನಿಜ ಎಂದು ಒರೆಗೆ ಹಚ್ಚಿ ನೋಡುವವರು ಕಡಿಮೆ.

ಓಟ್ಸಿನ ಮಟ್ಟಿಗೆ ಅದು ನಿಜವೇ. ನಮ್ಮ ಪಿತ್ತಜನಕಾಂಗ ಕೊಲೆಸ್ಟ್ರಾಲಿನಿಂದ ಪಿತ್ತಾಮ್ಲ ತಯಾರಿಸಿ ಕರುಳಿಗೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಅದರಲ್ಲಿ ಸುಮಾರು ಶೇ. 95ರಷ್ಟನ್ನು ಕರುಳು ಹೀರಿಕೊಂಡು ವಾಪಸು ಕಳಿಸುತ್ತದೆ. ಓಟ್ಸ್, ಬಾರ್ಲಿಗಳಲ್ಲಿರುವ ಬೀಟಾ ಗ್ಲೂಕಾನ್ ಎಂಬ ನಾರು ನೀರಲ್ಲಿ ಲೋಳೆಯಾಗಿ ಈ ವಾಪಸಾತಿಗೆ ಅಡ್ಡ ನಿಲ್ಲುತ್ತದೆ. ಪಿತ್ತಾಮ್ಲ ಮಲದ ಜೊತೆ ಹೊರಹೋಗುತ್ತದೆ. ಹೊಸದನ್ನು ಮಾಡಲು ಪಿತ್ತಜನಕಾಂಗ ರಕ್ತದಲ್ಲಿರುವ, ಕೆಟ್ಟದು ಎನ್ನುವ, ಎಲ್‌ಡಿಎಲ್ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳಬೇಕಾಗುತ್ತದೆ. ಓಟ್ಸ್ ಹೃದಯಕ್ಕೆ ಹಿತ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಒಪ್ಪಿದ್ದು ಇದರ ಆಧಾರದ ಮೇಲೆಯೇ. ಆದರೆ ಅಳತೆ ಗಮನಿಸಿ: ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಬೇಕು, ಅಂದರೆ 75 ಗ್ರಾಂ ಆಸುಪಾಸಿನ ಒಣ ಓಟ್ಸ್. ಅಷ್ಟು ತಿಂದರೂ ಎಲ್‌ಡಿಎಲ್ ಇಳಿಯುವುದು ಶೇ. 5ರಿಂದ 10ರೊಳಗೆ. ಕೊಲೆಸ್ಟ್ರಾಲಿಗೆ ವೈದ್ಯರು ಬರೆದುಕೊಡುವ ಸ್ಟ್ಯಾಟಿನ್ ಮಾತ್ರೆ ಇಳಿಸುವುದು ಶೇ. 30ರಿಂದ 50.

ಬೀಜಗಳ ಕಥೆ ಇದಕ್ಕಿಂತ ತೆಳು. ಅಗಸೆ ಸ್ವಲ್ಪ ಇಳಿಸುತ್ತದೆ. ಅಗಸೆ ಎಣ್ಣೆಯಿಂದ ಆ ಗುಣ ಕಂಡುಬಂದಿಲ್ಲ. ಪುಡಿ ಮಾಡದೆ ನುಂಗಿದ ಬೀಜ ಹೊಟ್ಟೆಯೊಳಗೆ ಹೋದ ಹಾಗೇ ಹೊರಗೆ ಬರುವುದೂ ಉಂಟು. ಚಿಯಾದ ಹೆಸರು ದೊಡ್ಡದು, ಎಲ್‌ಡಿಎಲ್ ಮೇಲೆ ಅದರ ಪರಿಣಾಮ ಸಣ್ಣದು.

ನನ್ನ ಮೆಚ್ಚುಗೆ ಈ ಗಡಿಸೀಮೆಯ ಹುಚ್ಚೆಳ್ಳಿಗೆ. ಅದರ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲಿಕ್ ಆಮ್ಲ, ಅದು ಅನ್‌ಸ್ಯಾಚುರೇಟೆಡ್ ಜಾತಿಯದು. ತೆಂಗಿನ ಕೊಬ್ಬಿನಲ್ಲೋ ಸುಮಾರು ಶೇ. 90 ಸ್ಯಾಚುರೇಟೆಡ್, ಅಂದರೆ ಎಲ್‌ಡಿಎಲ್ ಏರಿಸುವ ಜಾತಿಯದು. ರೊಟ್ಟಿಗೆ ಕಾಯಿಚಟ್ನಿಯ ಬದಲು ಹುಚ್ಚೆಳ್ಳು ಚಟ್ನಿ ಹಚ್ಚಿಕೊಂಡರೆ ತಟ್ಟೆಯ ಕೊಬ್ಬಿನ ಜಾತಿಯೇ ಬದಲಾಗುತ್ತದೆ. ದೂರದೇಶದ ಬೀಜಕ್ಕೆ ದುಡ್ಡು ಸುರಿಯುವ ಮೊದಲು ಅಜ್ಜಿಯ ಒರಳಿನ ಕಡೆ ಒಮ್ಮೆ ನೋಡಬಹುದು. ಆದರೆ ಹಚ್ಚಿಕೊಳ್ಳಬೇಕಾದ್ದು ‘ಬದಲು’. ಎರಡೂ ಚಟ್ನಿ ಅಲ್ಲ.

ಬೀಜ-ಧಾನ್ಯದ ಈ ಪದ್ಧತಿಯ ದೊಡ್ಡ ದೋಷ ಇಲ್ಲೇ ಇದೆ. ಜನ ಬೀಜವನ್ನು ಔಷಧಿಯ ಹಾಗೆ ಎಣಿಸುತ್ತಾರೆ, ತಟ್ಟೆಯಿಂದ ಏನನ್ನೂ ತೆಗೆಯುವುದಿಲ್ಲ. ನಾಲ್ಕು ಅಕ್ಕಿರೊಟ್ಟಿ, ತುಪ್ಪ, ಕಾಯಿಚಟ್ನಿ, ಬೆಲ್ಲದ ಕಾಫಿ, ಮೇಲೆ ಒಂದು ಚಮಚ ಅಗಸೆ! ನಮ್ಮವರ ರಕ್ತದ ತೊಂದರೆಯೂ ಬೇರೆ ನಮೂನೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರು ಶೇ. 13.9, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಹೆಚ್ಚಿದ್ದವರು ಶೇ. 29.5, ಒಳ್ಳೆಯದು ಎನ್ನುವ ಎಚ್‌ಡಿಎಲ್ ಕಡಿಮೆ ಇದ್ದವರು ಶೇ. 72.3. ಟ್ರೈಗ್ಲಿಸರೈಡ್ ಏರಿಸುವುದರಲ್ಲಿ ಬಿಳಿ ಅಕ್ಕಿ, ಸಕ್ಕರೆ, ಬೆಲ್ಲಗಳ ಪಾಲು ದೊಡ್ಡದು. ಚಮಚ ಬೀಜ ಅದನ್ನು ಕರಗಿಸದು. ಒಂದು ರೊಟ್ಟಿ ಕಡಿಮೆಯಾದರೆ ಏನಾದರೂ ಆದೀತು.

ಆ ರೊಟ್ಟಿಯ ಜಾಗಕ್ಕೆ ರಾಗಿ ಬರಬಹುದೇ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ರಾಗಿ ಗೆದ್ದಿತು ಎಂದು ಚಪ್ಪಾಳೆ ತಟ್ಟುವ ಮೊದಲು ಇನ್ನೊಂದು ಸಾಲು ಓದಬೇಕು: ಆ ನಾರಿನಲ್ಲಿ ನೀರಲ್ಲಿ ಕರಗುವುದು 2 ಗ್ರಾಂ ಕೂಡ ಇಲ್ಲ. ರಾಗಿ ಓಟ್ಸ್ ಮಾಡುವ ಕೆಲಸ ಮಾಡುತ್ತದೆ ಎನ್ನುವುದು ಅಭಿಮಾನದ ಮಾತು. ಇನ್ನು ಸಿರಿಧಾನ್ಯಗಳು ಒಟ್ಟು ಕೊಲೆಸ್ಟ್ರಾಲನ್ನು ಶೇ. 8ರಷ್ಟು ಇಳಿಸುತ್ತವೆ ಎಂದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸಾಟ್ ಮುಂದಾಳತ್ವದ 2021ರ ಸಮೀಕ್ಷೆ ಆಶಾದಾಯಕ. ಆದರೆ ಅದು ಒಟ್ಟುಗೂಡಿಸಿದ ಪ್ರಯೋಗಗಳು ಮೂರು ವಾರದಿಂದ ನಾಲ್ಕು ತಿಂಗಳವು, ಧಾನ್ಯಗಳೂ ಬಗೆಬಗೆಯವು. ಸಿರಿಧಾನ್ಯಗಳ ಪ್ರಚಾರಕ, ಮೈಸೂರಿನ ಖಾದರ್ ವಲಿ ನವಣೆ, ಸಾಮೆ, ಹಾರಕ, ಊದಲು, ಕೊರಲೆಗಳನ್ನು ಮೇಲಿಟ್ಟು ರಾಗಿಯನ್ನು ತಟಸ್ಥ ಧಾನ್ಯವೆಂದು ಕೆಳಗಿಡುತ್ತಾರೆ. ಕೊಲೆಸ್ಟ್ರಾಲಿನ ವಿಷಯದಲ್ಲಿ ಇಂಥ ಶ್ರೇಣಿಗೆ ಆ ಸಮೀಕ್ಷೆಯಿಂದ ಆಧಾರ ಸಿಗದು. ಬೆಲೆ ನೋಡಿದರೆ ಬಡವರಿಗೆ ರಾಗಿಯೇ ಮೇಲು.

ಈ ಗದ್ದಲದಲ್ಲಿ ಹಿಂದೆ ಸರಿದದ್ದು ಕಾಳು. ಕೆನಡಾದ ಸಂಶೋಧಕರು 2014ರಲ್ಲಿ 26 ಪ್ರಯೋಗಗಳನ್ನು ಕ್ರೋಡೀಕರಿಸಿ ನೋಡಿದಾಗ ದಿನಕ್ಕೆ ಸುಮಾರು 130 ಗ್ರಾಂ ಬೇಯಿಸಿದ ಬೇಳೆಕಾಳಿನಿಂದ ಎಲ್‌ಡಿಎಲ್ ಶೇ. 5ರಷ್ಟು ಇಳಿದಿತ್ತು. ಓಟ್ಸಿನ ಹತ್ತಿರ ಬಂತಲ್ಲ! ಮೊಳಕೆ ಹೆಸರುಕಾಳಿನ ಉಸಲಿ, ಹುರುಳಿ, ಅವರೆ ಯಾವುದೂ ಆಗಬಹುದು.

ಕಾಫಿಯ ನಾಡಿನಲ್ಲಿ ಇದ್ದುಕೊಂಡು ಇನ್ನೊಂದು ಮಾತು ಮುಚ್ಚಿಡಲಾಗದು. ಪುಡಿಯನ್ನು ನೀರಲ್ಲಿ ಕುದಿಸಿ ಮಾಡುವ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಎಣ್ಣೆಯಂಶ ಉಳಿದು ಎಲ್‌ಡಿಎಲ್ ಏರಿಸುತ್ತದೆ. ಅರೇಬಿಕಾದಲ್ಲಿ ಅದು ಹೆಚ್ಚು, ರೊಬಸ್ಟಾದಲ್ಲಿ ಕಡಿಮೆ. ಕಾಗದದ ಫಿಲ್ಟರಿನಲ್ಲಿ ಸೋಸಿದರೆ ಬಹುಪಾಲು ಹೋಗುತ್ತದೆ. ಓಟ್ಸ್ ತಿಂದು ಎರಡು ಲೋಟ ಕುದಿಸಿದ ಅರೇಬಿಕಾ ಕುಡಿಯುವವರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಬೀಜ-ಧಾನ್ಯದ ತಿಂಡಿ ಕೆಲಸಕ್ಕೆ ಬರುವ ಪದ್ಧತಿ, ಆದರೆ ಅದನ್ನು ಹೊಗಳುವವರು ಹೇಳುವುದರ ಕಾಲುಭಾಗಕ್ಕೆ ಮಾತ್ರ. ಮಾಡಿ ನೋಡುವವರು ಮೊದಲೊಮ್ಮೆ ಲಿಪಿಡ್ ಪರೀಕ್ಷೆ ಮಾಡಿಸಿ, ತಿಂಡಿ ಬದಲಿಸಿ ಎರಡು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ. ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವವರು ಅಗಸೆ ಡಬ್ಬಿಯ ಧೈರ್ಯದ ಮೇಲೆ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸುವುದಾದರೆ ವೈದ್ಯರನ್ನು ಕೇಳಿಯೇ ನಿಲ್ಲಿಸಿ.