ಪೆಟ್ಟಿಗೆಯಲ್ಲಿ ಬಂದ ಪಿಸ್ತೂಲು

ಬಾಯಿಯಿಂದ ಮದ್ದು ತುಂಬುವ ಪಿಸ್ತೂಲಿನ ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸುವುದು ಅಮೆರಿಕದಲ್ಲಿ ಹಳೆಯ ಹವ್ಯಾಸ. ಅಲ್ಲಿನ 1968ರ ಬಂದೂಕು ಕಾಯ್ದೆ ಇಂಥ ಪುರಾತನ ಮಾದರಿಗಳನ್ನು ಲೆಕ್ಕದಿಂದ ಹೊರಗಿಟ್ಟಿದೆ. ನಮ್ಮ ಬ್ಯಾಡಗಿಯಲ್ಲಿ ಅದೇ ಪೆಟ್ಟಿಗೆ ಮನೆಗೆ ಬಂದರೆ ಬೆನ್ನಿಗೇ ಪೊಲೀಸರೂ ಬಂದಾರು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಬಿಡಿಭಾಗವೂ ಶಸ್ತ್ರವೇ. ಪರವಾನಗಿ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಸಜೆ. ಹಾಗಾಗಿ ನಾನು ಈ ಕೆಲಸ ನೋಡಿದ್ದು ಪೆನ್ಸಿಲ್ವೇನಿಯಾದಲ್ಲಿರುವ ಅಕ್ಕನ ಮಗನ ಗ್ಯಾರೇಜಿನಲ್ಲಿ. ಅವನು ತರಿಸಿದ್ದು ಕೆಂಟಕಿ ಮಾದರಿ. ಹೆಸರು ಕೆಂಟಕಿಯದಾದರೂ ಅಂಥ ಕೋವಿಗಳಿಗೆ ರೂಪ ಕೊಟ್ಟವರು ಇದೇ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಲಿನ ಜರ್ಮನ್ ಮೂಲದ ಕುಶಲಕರ್ಮಿಗಳು.

ಪಿಸ್ತೂಲನ್ನು ನೀವೇ ತಯಾರಿಸಿದಿರಿ ಎಂಬ ಹೊಗಳಿಕೆ ಅರ್ಧ ಸುಳ್ಳು. ನಳಿಗೆ ಕೊರೆದು, ಹಿಂಬದಿ ಮುಚ್ಚಿಯೇ ಬಂದಿರುತ್ತದೆ. ಕೇಪಿನ ಮೇಲೆ ಬಡಿಯುವ ಕುದುರೆ, ಅದರ ಸ್ಪ್ರಿಂಗು, ಕೊಕ್ಕೆ ಎಲ್ಲ ಸೇರಿದ ಯಂತ್ರವೂ ಸಿದ್ಧ. ಹೊಸಬನ ಪಾಲಿಗೆ ಉಳಿಯುವುದು ಬಡಿಗ್ಯಾನ ಕೆಲಸ.

ಆ ಕೆಲಸವೇನೂ ಸಣ್ಣದಲ್ಲ. ಯಂತ್ರದ ತಟ್ಟೆಗೆ ದೀಪದ ಮಸಿ ಹಿಡಿಸಿ ಕಟ್ಟಿಗೆಯ ಗುಂಡಿಯೊಳಗೆ ಒತ್ತಿ ತೆಗೆಯಬೇಕು. ಕಪ್ಪು ಹತ್ತಿದಲ್ಲಿ ಮಾತ್ರ ಉಳಿಯಿಂದ ಕೆರೆಯಬೇಕು. ಮತ್ತೆ ಮಸಿ, ಮತ್ತೆ ಒತ್ತುವುದು. ಕೂದಲೆಳೆಯಷ್ಟು ಜಾಸ್ತಿ ಕೆರೆದರೂ ಸಂದಿ ಎದ್ದು ಕಾಣುತ್ತದೆ. ಹುಡುಗ ಮೊದಮೊದಲು ಗೊಣಗಿದ, ಆಮೇಲೆ ಅವನ ಮಾತೇ ನಿಂತುಹೋಯಿತು. ಕೂರಿಗೆಯ ದಿಂಡಿಗೆ ತಾಳು ಕೂರಿಸುವ ನಮ್ಮ ಕಡೆಯ ಬಡಿಗ್ಯಾರಿಗೆ ಇದು ತೀರ ಹೊಸದೆನಿಸಲಿಕ್ಕಿಲ್ಲ. ಕೊಟ್ಟ ದುಡ್ಡಿಗೆ ಸಾರ್ಥಕವೆನಿಸುವುದು ಈ ಹಂತವೇ.

ನನ್ನ ತಕರಾರು ಜೊತೆಗೆ ಬರುವ ಕೈಪಿಡಿಯ ಮೇಲೆ. ಪಾಲಿಶ್ ಪೇಪರ್, ಅಗಸಿ ಎಣ್ಣೆ, ಹಿತ್ತಾಳೆಯ ಹೊಳಪು ಇವಕ್ಕೆ ಪುಟಗಟ್ಟಲೆ ಜಾಗ. ಜೀವದ ಮಾತಿಗೆ ಒಂದೇ ಸಾಲು. ಅರ್ಧ ಎತ್ತಿ ನಿಲ್ಲಿಸಿದ ಕುದುರೆ, ಟ್ರಿಗರ್ ಒತ್ತಿದರೂ ಬೀಳಬಾರದು. ಟ್ರಿಗರ್ ತುಸು ಮೇಲೆ ಕುಳಿತರೆ, ಇಲ್ಲವೆ ಒಳಗಿನ ಕೊಕ್ಕೆಗೆ ಕಟ್ಟಿಗೆ ತಾಗಿದರೆ, ಕೊಕ್ಕೆ ತನ್ನ ಕಚ್ಚಿನಲ್ಲಿ ಪೂರ್ತಿ ಇಳಿಯುವುದಿಲ್ಲ. ತಪ್ಪು ಕಟ್ಟಿಗೆಯದು, ಹೊಸಬ ಯಂತ್ರದ್ದೆಂದು ತಿಳಿದು ಅರ ಹಿಡಿದು ಕಚ್ಚನ್ನೇ ತೀಡುತ್ತಾನೆ. ಅಲ್ಲಿಗೆ ಪಿಸ್ತೂಲು ಅಪಾಯಕಾರಿಯಾಯಿತು. ಇಟಲಿಯ ಗಾರ್ಡೋನೆ ವಾಲ್ ಟ್ರೊಂಪಿಯಾದಂಥ ಪರೀಕ್ಷಾಲಯದ ಮುದ್ರೆ ನಳಿಗೆಯ ಗಟ್ಟಿತನಕ್ಕೆ ಸಾಕ್ಷಿ, ಗ್ಯಾರೇಜಿನ ಜೋಡಣೆಗಲ್ಲ. ಇದನ್ನು ಕೈಪಿಡಿ ದಪ್ಪ ಅಕ್ಷರದಲ್ಲಿ ಹೇಳಬೇಕಿತ್ತು.

ನಮ್ಮ ಸೀಮೆಯಲ್ಲಿ ಕೋವಿ ಎಂದೂ ರಜೆ ದಿನದ ಆಟಿಕೆಯಾಗಿಲ್ಲ. 1857ರಲ್ಲಿ ಹತಾರ ಒಪ್ಪಿಸಲು ಒಲ್ಲೆವೆಂದ ಹಲಗಲಿ ಬೇಡರ ಊರಿಗೆ ಬ್ರಿಟಿಷರು ಬೆಂಕಿಯಿಟ್ಟರು. ಪರವಾನಗಿಯಿಂದ ಕೊಡವರಿಗಿರುವ ವಿನಾಯಿತಿ ಇತ್ತ ಇಲ್ಲ. ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿಯೂ ಚುನಾವಣೆ ಬಂತೆಂದರೆ ಸಾಮಾನ್ಯವಾಗಿ ಠಾಣೆ ಸೇರಬೇಕು. ಆಯುಧ ಪೂಜಿಸುವ ಖಂಡೇ ಪೂಜೆಯಲ್ಲೂ ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಗಳಲ್ಲಿ ಕುಂಕುಮ ಬೀಳುವುದು ತಕ್ಕಡಿಗೆ.

ಹಾಗಾದರೆ ಸಿಡಿಯದ ಗೊಂಬೆ ಪಿಸ್ತೂಲು ಜೋಡಿಸಬಹುದಲ್ಲ ಎಂದು ಕೇಳುವವರುಂಟು. ಜೋಡಿಸಬಹುದು, ಗೋಡೆಗೆ ತೂಗುಹಾಕಲು ಚೆಂದ. ಆದರೆ ಕೊಕ್ಕೆ ಕೂರದಿದ್ದರೂ ಅದರಲ್ಲಿ ಯಾರಿಗೂ ಗೊತ್ತಾಗದು, ಒರಟು ಕೈಗೂ ಶಹಭಾಷ್‌ಗಿರಿ ಸಿಗುತ್ತದೆ. ಮಸಿ ಹಚ್ಚಿ ಕೆರೆಯುವ ಶಿಸ್ತಿಗೆ ಬೆಲೆ ಬಂದಿರುವುದೇ ಒಳಗೆ ಮದ್ದು ಬೀಳುತ್ತದೆಂಬ ಕಾರಣಕ್ಕೆ. ಕಾನೂನು ಒಪ್ಪುವ ಊರಿನಲ್ಲಿರುವ ಹೊಸಬ, ಮದ್ದು ಕೊಳ್ಳುವ ಮುಂಚೆ, ಬಲ್ಲ ಕೋವಿ ರಿಪೇರಿಯವನಿಗೆ ತೋರಿಸಲೇಬೇಕು. ಅಕ್ಕನ ಮಗ ತೋರಿಸಿದ. ರಿಪೇರಿಯವನು ಬಿಚ್ಚಿ ನೋಡಿ, ಕೊಕ್ಕೆಗೆ ತಾಗುತ್ತಿದ್ದ ಕಟ್ಟಿಗೆಯನ್ನು ಚೂರು ಕೆರೆದು, ಕುದುರೆಯನ್ನು ಮತ್ತೆ ಮತ್ತೆ ಎತ್ತಿ ಪರೀಕ್ಷಿಸಿ, ಕೂಲಿ ತೆಗೆದುಕೊಂಡ. ಹೊಳಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ.