ಮುಚ್ಚಿದ ನೆಲೆ, ತೆರೆದ ಊರು: ಕೊಲೆಯ ಕಥನವೂ ಮಂಡ್ಯ ಸೀಮೆಯ ಮೌನವೂ

ಪತ್ತೇದಾರಿ ಕಥನದ ಪ್ರಭೇದಗಳಲ್ಲಿ, ಹೊರಜಗತ್ತಿನಿಂದ ಪೂರ್ತಿಯಾಗಿ ಕಡಿದುಹೋದ ನೆಲೆಯೊಂದರಲ್ಲಿ ಜರುಗುವ ಕೊಲೆಯ ಕಥೆಗೆ ವಿಶಿಷ್ಟ ಸ್ಥಾನವಿದೆ. ಅಗಾಥಾ ಕ್ರಿಸ್ಟಿ 1939ರಲ್ಲಿ ಹತ್ತು ಮಂದಿಯನ್ನು ದ್ವೀಪವೊಂದಕ್ಕೆ ಕರೆಸಿ ಒಬ್ಬೊಬ್ಬರನ್ನಾಗಿ ಕೊಲ್ಲಿಸಿದ ಕಾದಂಬರಿ ಇದರ ಪ್ರಸಿದ್ಧ ಮಾದರಿ. ಈ ಮಾದರಿ ತನ್ನ ತಾರ್ಕಿಕ ತುದಿಯನ್ನು ಮುಟ್ಟಿದ್ದು ಮಾತ್ರ ಧ್ರುವಪ್ರದೇಶದ ಸಂಶೋಧನಾ ಕೇಂದ್ರದಲ್ಲಿ. ಅಲಿಸ್ಟರ್ ಮ್ಯಾಕ್ಲೀನ್ 1959ರಲ್ಲಿ ಪ್ರಕಟಿಸಿದ ‘ನೈಟ್ ವಿದೌಟ್ ಎಂಡ್’ ಕಾದಂಬರಿಯನ್ನು ಇಲ್ಲಿ ನೆನೆಯಬಹುದು. ಗ್ರೀನ್‌ಲ್ಯಾಂಡಿನ ಹಿಮದ ಹಾಸಿನ ಮೇಲೆ ಅಂತರರಾಷ್ಟ್ರೀಯ ಭೂಭೌತ ವರ್ಷದ ಅಧ್ಯಯನಕ್ಕಾಗಿ ಕಟ್ಟಿದ ಪುಟ್ಟ ಕೇಂದ್ರ. ಅದರ ಸಮೀಪದಲ್ಲೇ ನೆಲಕ್ಕಪ್ಪಳಿಸುವ ವಿಮಾನ. ಬದುಕುಳಿದವರ ನಡುವೆಯೇ ಕೊಲೆಗಾರ. ಹೊರಗಿನೊಡನೆ ಮಾತನಾಡಲು ಇದ್ದ ರೇಡಿಯೊ ಪುಡಿಯಾಗುತ್ತದೆ. ಪೊಲೀಸರಿಲ್ಲದ ಆ ಜಾಗದಲ್ಲಿ ಕೇಂದ್ರದ ವೈದ್ಯನೇ ಪತ್ತೇದಾರನೂ ಆಗಬೇಕಾಗುತ್ತದೆ.

ಇಂಥ ಕಥೆಯಲ್ಲಿ ಹಿಮದ ಕೆಲಸವೇನು? ಮೇಲ್ನೋಟಕ್ಕೆ ಅದು ಬೀಗ. ಯಾರೂ ಒಳಬರಲಾಗದು, ಯಾರೂ ಹೊರಹೋಗಲಾಗದು; ಆದ್ದರಿಂದ ಶಂಕಿತರ ಸಂಖ್ಯೆ ನಿಶ್ಚಿತ. ಆದರೆ ಈ ಬೀಗಕ್ಕಿಂತಲೂ ಮುಖ್ಯವಾದ ಇನ್ನೊಂದು ಷರತ್ತಿದೆ. ಅಲ್ಲಿ ಸೇರಿದವರು ಒಬ್ಬರಿಗೊಬ್ಬರು ಅಪರಿಚಿತರಾಗಿರಬೇಕು. ತಾನು ಇಂಥವನೆಂದು ಒಬ್ಬ ಹೇಳಿಕೊಂಡದ್ದನ್ನು ಉಳಿದವರು ನಂಬದೆ ಗತ್ಯಂತರವಿರಬಾರದು. ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ 1938ರಲ್ಲಿ ಬರೆದ ‘ಹೂ ಗೋಸ್ ದೇರ್?’ ಎಂಬ ನೀಳ್ಗತೆ ಈ ಷರತ್ತನ್ನು ಭೀಕರ ಕೊನೆಯವರೆಗೂ ಎಳೆದೊಯ್ಯುತ್ತದೆ. ಅಂಟಾರ್ಕ್ಟಿಕದ ಶಿಬಿರದಲ್ಲಿ ಯಾವ ಮನುಷ್ಯನ ರೂಪವನ್ನಾದರೂ ತಾಳಬಲ್ಲ ಜೀವಿಯೊಂದಿದೆ. ಪಕ್ಕದಲ್ಲಿ ಮಲಗಿದವನು ಮನುಷ್ಯನೇ ಎಂಬುದಕ್ಕೂ ಪುರಾವೆ ಬೇಕಾಗುತ್ತದೆ. ಇದೇ ಕಥೆಯನ್ನು ಆಧರಿಸಿ ಜಾನ್ ಕಾರ್ಪೆಂಟರ್ 1982ರಲ್ಲಿ ‘ದಿ ಥಿಂಗ್’ ಚಿತ್ರವನ್ನು ನಿರ್ದೇಶಿಸಿದರು.

ವಾಸ್ತವದ ಹಿಮ ಕಾದಂಬರಿಯ ಹಿಮದಷ್ಟು ಉದಾರಿಯಲ್ಲ. 2000ದ ಮೇ ತಿಂಗಳಲ್ಲಿ ದಕ್ಷಿಣ ಧ್ರುವದ ಅಮುಂಡ್ಸೆನ್-ಸ್ಕಾಟ್ ಕೇಂದ್ರದಲ್ಲಿ ಚಳಿಗಾಲವನ್ನು ಕಳೆಯುತ್ತಿದ್ದ ಐವತ್ತರಷ್ಟು ಮಂದಿಯಲ್ಲಿ ಆಸ್ಟ್ರೇಲಿಯದ ಖಭೌತ ವಿಜ್ಞಾನಿಯೊಬ್ಬರು ಹಠಾತ್ತನೆ ತೀರಿಕೊಂಡರು. ವಿಮಾನ ಬರಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಆಮೇಲೆ ನಡೆದ ಶವಪರೀಕ್ಷೆಯಲ್ಲಿ ಸಾವಿಗೆ ಕಾರಣ ಮೆಥನಾಲ್ ಎಂದು ತಿಳಿಯಿತು. ಅದು ದೇಹವನ್ನು ಹೇಗೆ ಸೇರಿತೆಂಬುದನ್ನು ನ್ಯೂಜಿಲೆಂಡಿನ ವಿಚಾರಣೆ 2008ರವರೆಗೆ ನಡೆದರೂ ನಿರ್ಣಯಿಸಲಾಗಲಿಲ್ಲ. ಶಂಕೆಯ ವೃತ್ತ ಎಷ್ಟೇ ಬಿಗಿಯಾಗಿದ್ದರೂ ಉತ್ತರ ತಾನಾಗಿ ಹೊರಬೀಳುವುದಿಲ್ಲ.

ಈ ಮಾದರಿ ಕನ್ನಡದಲ್ಲಿ ಏಕೆ ಗಟ್ಟಿಯಾಗಿ ಬೇರೂರಲಿಲ್ಲ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ನಮ್ಮಲ್ಲಿ ಪತ್ತೇದಾರಿ ಕಾದಂಬರಿಗಳಿಗೆ ಕೊರತೆಯಿರಲಿಲ್ಲ. 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ಆರಂಭಿಸಿದ ಎನ್. ನರಸಿಂಹಯ್ಯನವರೊಬ್ಬರೇ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು ಸಾವಿರಾರು ಜನರಿಗೆ ಓದಿನ ರುಚಿ ಹತ್ತಿಸಿದರೆಂಬುದನ್ನು ವಿಮರ್ಶೆ ಬಹಳ ಕಾಲ ಕಡೆಗಣಿಸಿತು. ಆ ಕಡೆಗಣಿಕೆಗೆ ಸಮರ್ಥನೆಯಿಲ್ಲ. ಆದರೆ ಪುರುಷೋತ್ತಮ ಚಲನೆಯ ಪತ್ತೇದಾರ. ಬೆನ್ನಟ್ಟುವುದು, ವೇಷ ಮರೆಸುವುದು, ಗಲ್ಲಿಯಿಂದ ಗಲ್ಲಿಗೆ ಸಾಗುವುದು ಅವನ ವಿಧಾನ. ಕೊಠಡಿಯೊಳಗೆ ಕುಳಿತು ಹತ್ತು ಜನರ ಮುಖ ನೋಡುವ ವ್ಯವಧಾನ ಅವನಿಗಿಲ್ಲ. ಸಿನಿಮಾದಲ್ಲಾದರೂ ಮುಚ್ಚಿದ ನೆಲೆಯನ್ನು ಬಯಸಿದಾಗಲೆಲ್ಲ ಅದನ್ನು ಕೃತಕವಾಗಿ ಕಟ್ಟಿಕೊಳ್ಳಬೇಕಾಯಿತು. ಉಪೇಂದ್ರರ ‘ಶ್!’ (1993) ಅದಕ್ಕಾಗಿ ಚಿತ್ರೀಕರಣದ ತಂಡವನ್ನೇ ಆಶ್ರಯಿಸಿತು. ಕೆ.ಎಂ. ಚೈತನ್ಯರ ‘ಆಟಗಾರ’ (2015) ಕ್ರಿಸ್ಟಿಯ ದ್ವೀಪವನ್ನೇ ತಂದು ಹತ್ತು ಮಂದಿಯನ್ನು ಅದರ ಮೇಲೆ ಕೂರಿಸಿತು. ಎರಡರಲ್ಲೂ ಜನ ಹೊರಗಿನಿಂದ ಬಂದವರು. ಆ ನೆಲಕ್ಕೂ ಅವರಿಗೂ ಹಿಂದಿನ ಲೆಕ್ಕವಿಲ್ಲ.

ಭೂಗೋಳದ ದೃಷ್ಟಿಯಿಂದ ನೋಡಿದರೆ ಮಂಡ್ಯ ಜಿಲ್ಲೆಯಲ್ಲಿಯೇ ಇಂಥ ಕಥೆಗೆ ಒದಗಬಲ್ಲ ತಾಣವೊಂದಿದೆ. ಅದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುದಾಗಾರ. 1902ರಲ್ಲಿ ಇಲ್ಲಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಕಣಿವೆಯ ತಳದಲ್ಲಿ ಯಂತ್ರಗಳು. ಅಲ್ಲಿಗಿಳಿಯಲು ಕಡಿದಾದ ಇಳಿಜಾರಿನ ಹಳಿಯ ಮೇಲೆ ತಳ್ಳುಗಾಡಿ. ಮೇಲೆ ಬ್ಲಫ್ ಎಂದು ಕರೆಯುವ ಜಾಗದಲ್ಲಿ ನೌಕರರ ವಸತಿ. ಸುತ್ತ ನದಿಯ ಮೊರೆತ, ಕಾಡು. ಪರದೇಶದ ಎಂಜಿನಿಯರನೂ ಸ್ಥಳೀಯ ಕೂಲಿಯೂ ಒಂದೇ ಸದ್ದಿನೊಳಗೆ ರಾತ್ರಿ ಕಳೆದ ಸ್ಥಳವಿದು. ಮಳೆಗಾಲದ ಪ್ರವಾಹದ ರಾತ್ರಿಯೊಂದನ್ನು ಸೇರಿಸಿದರೆ ಕಾದಂಬರಿಕಾರನಿಗೆ ಬೇಕಾದ ಸಲಕರಣೆಯೆಲ್ಲ ಸಿದ್ಧ.

ಆದರೂ ಈ ಕಥೆ ಇಲ್ಲಿ ನಿಲ್ಲದು. ಹಿಮದ ಬೀಗಕ್ಕೆ ಬದಲಾಗಿ ಪ್ರವಾಹದ ಬೀಗ ಸಿಕ್ಕೀತು, ಅಪರಿಚಿತತೆ ಸಿಗದು. ರಾತ್ರಿ ಪಾಳಿಯವನು ಯಾವ ಊರಿನವನು, ಯಾರ ಪೈಕಿ, ಅವನ ತಂದೆಗೂ ಮೇಸ್ತ್ರಿಯ ಮಾವನಿಗೂ ಯಾವ ಬದುವಿನ ವ್ಯಾಜ್ಯವಿತ್ತು ಎಂಬುದು ಅವನು ಕೆಲಸಕ್ಕೆ ಸೇರುವ ಮೊದಲೇ ಅಲ್ಲಿಗೆ ತಲುಪಿರುತ್ತದೆ. ಹಾಲು ತರುವವಳ ಜೊತೆ ಸುದ್ದಿ ಮಳವಳ್ಳಿಯ ಸಂತೆಗೆ ಏರುತ್ತದೆ, ಅಲ್ಲಿಂದ ಮದ್ದೂರಿನ ರೈಲು ನಿಲ್ದಾಣಕ್ಕೆ. ಈ ಸೀಮೆಯಲ್ಲಿ ‘ಯಾರು ಕೊಂದರು’ ಎಂಬುದು ಬಹುಪಾಲು ರಹಸ್ಯವೇ ಅಲ್ಲ. ರಹಸ್ಯವಿರುವುದು ‘ಯಾರು ಹೇಳುತ್ತಾರೆ’ ಎಂಬಲ್ಲಿ.

ಇದು ಕೇವಲ ಊಹೆಯಲ್ಲ. 2010ರ ಕೊನೆಯಲ್ಲಿ ಮದ್ದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ದಲಿತ ಯುವಕನನ್ನು ಪ್ರೀತಿಸಿದಳೆಂಬ ಕಾರಣಕ್ಕೆ ಯುವತಿಯೊಬ್ಬಳು ತನ್ನ ಮನೆಯವರಿಂದಲೇ ಹತಳಾದಳು. ಪತ್ರಿಕೆಗಳು ‘ಮರ್ಯಾದಾ ಹತ್ಯೆ’ ಎಂದು ಕರೆದ ಆ ಕೃತ್ಯ ಊರಿಗೆ ತಿಳಿಯದ್ದೇನಲ್ಲ. ಹೊರಜಗತ್ತಿಗೆ ತಲುಪಲು ಮಾತ್ರ ತಿಂಗಳುಗಳೇ ಹಿಡಿದವು. ಬಸ್ಸು ಓಡಾಡುತ್ತಿತ್ತು, ಕೈಕೈಯಲ್ಲೂ ಮೊಬೈಲ್ ಫೋನಿತ್ತು, ರಾಜಧಾನಿ ಎರಡು ಗಂಟೆಯ ದಾರಿ. ಗ್ರೀನ್‌ಲ್ಯಾಂಡಿನ ಕೇಂದ್ರದಲ್ಲಿ ರೇಡಿಯೊವನ್ನು ಒಡೆದು ಸಾಧಿಸಬೇಕಾದ ಏಕಾಂತವನ್ನು ಇಲ್ಲಿ ಜಾತಿಯ ಕಟ್ಟು ಏನನ್ನೂ ಒಡೆಯದೆ ಸಾಧಿಸಿತು. ಈ ಮುಚ್ಚುಗೆಯನ್ನು ಮುಟ್ಟದ ಪತ್ತೇದಾರಿ ಕಥನ, ಅದೆಷ್ಟೇ ಚತುರವಾಗಿರಲಿ, ಈ ನೆಲದ ಮಟ್ಟಿಗೆ ಎರವಲು ಕೋಟು.

ಹಾಗೆಂದು ಎಲ್ಲ ಮೌನವನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ನೆರೆಯ ನಂಜನಗೂಡು ಸೀಮೆಯ ದೇವನೂರ ಮಹಾದೇವರ ‘ಒಡಲಾಳ’ವನ್ನು ಯಾರೂ ಪತ್ತೇದಾರಿ ಕೃತಿಯೆಂದು ಓದಿಲ್ಲ. ಓದಿ ನೋಡಿದರೆ ಕೆಲವು ಸಂಗತಿಗಳು ಹೊಳೆಯುತ್ತವೆ. ಕಳವಾದ ವಸ್ತುವಿದೆ, ಎತ್ತಪ್ಪನ ಕಡಲೆಕಾಯಿ; ಮುಚ್ಚಿದ ನೆಲೆಯಿದೆ, ಸಾಕವ್ವನ ಗುಡಿಸಲು; ತಪಾಸಣೆಗೆ ಬರುವ ಪೊಲೀಸರಿದ್ದಾರೆ. ಒಳಗಿನವರೆಲ್ಲರಿಗೂ ಎಲ್ಲವೂ ಗೊತ್ತು. ರಾತ್ರಿಯೆಲ್ಲ ಕುಳಿತು ಮನೆಮಂದಿ ಸಾಕ್ಷ್ಯವನ್ನೇ ತಿಂದು ಮುಗಿಸುತ್ತಾರೆ. ಬೆಳಗ್ಗೆ ಬಂದ ಕಾನೂನಿಗೆ ಸಿಗುವುದು ಗೋಡೆಯ ಮೇಲೆ ಪುಟಗೌರಿ ಬರೆದ ನವಿಲು. ಇದು ಹಸಿವಿನ ಮೌನ. ಉಳಿಯುವುದಕ್ಕಾಗಿ ಹೂಡಿದ ಒಳಸಂಚು. ಮದ್ದೂರಿನ ಹಳ್ಳಿಯದು ಬಲಿಷ್ಠರನ್ನು ಕಾಯುವ ಮೌನ. ಇವೆರಡರ ನಡುವಿನ ಅಂತರವನ್ನು ಗುರುತಿಸಬಲ್ಲ ಉಪಕರಣ ಇಂಗ್ಲಿಷ್ ಮಾದರಿಯ ಪತ್ತೇದಾರನ ಕೈಯಲ್ಲಿಲ್ಲ. ಅವನಿಗೆ ಮುಚ್ಚಿಟ್ಟದ್ದೆಲ್ಲವೂ ಅಪರಾಧವೇ.

ಮ್ಯಾಕ್ಲೀನನ ವೈದ್ಯನ ಮಾತು ಬಂದುದರಿಂದ ಇನ್ನೊಬ್ಬ ವೈದ್ಯರನ್ನು ಇಲ್ಲಿ ಉಲ್ಲೇಖಿಸಬೇಕು. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರು ವೃತ್ತಿಯಿಂದ ವೈದ್ಯರು. ಅವರ ‘ಗಾಂಧಿ’ ಕಥೆಯಲ್ಲಿ ಆ ಹೆಸರಿನ ಬಡ ಹುಡುಗನೊಬ್ಬ ದೊಡ್ಡಾಸ್ಪತ್ರೆಯಲ್ಲಿ ಸಾಯುತ್ತಾನೆ. ಮನೆಯಿಂದ ದೂರ, ಪರಿಚಿತರಿಲ್ಲದ ಕಟ್ಟಡ, ಒಳಗಿರುವವರ ಸಂಖ್ಯೆ ಸೀಮಿತ: ಧ್ರುವಕೇಂದ್ರದ ಷರತ್ತುಗಳು ಈ ಸೀಮೆಯ ರೈತನಿಗೆ ಎದುರಾಗುವುದು ಆಸ್ಪತ್ರೆ, ಕಚೇರಿ, ಠಾಣೆಗಳಂಥ ಜಾಗಗಳಲ್ಲಿಯೇ. ಅಲ್ಲಿ ಮಾತ್ರ ಅವನು ನಿಜವಾಗಿ ಅಪರಿಚಿತ. ರಾಮಣ್ಣನವರ ವೈದ್ಯದೃಷ್ಟಿ ಸಾವಿನ ಕಾರಣವನ್ನು ಬಲ್ಲದು. ಕೊಲೆಗಾರನೆಂದು ಒಬ್ಬನತ್ತ ಬೆರಳು ತೋರಿಸುವ ಸೌಲಭ್ಯ ಅದಕ್ಕಿಲ್ಲ. ಕನ್ನಡದಲ್ಲಿ ಮುಚ್ಚಿದ ನೆಲೆಯ ಕೊಲೆಯ ಕಥೆ ಬೆಳೆಯುವುದಿದ್ದರೆ ಅದರ ಬೀಜವನ್ನು ದ್ವೀಪದ ಬಂಗಲೆಗಿಂತ ಇಲ್ಲಿ ಹುಡುಕುವುದು ಫಲಕಾರಿ ಎಂಬುದು ನನ್ನ ಅಭಿಪ್ರಾಯ.

ಈ ವಾದವನ್ನು ಪೂರ್ಣವಾಗಿ ಪರೀಕ್ಷಿಸಬೇಕಾದರೆ ಐವತ್ತು, ಅರವತ್ತರ ದಶಕಗಳ ಅಗ್ಗದ ಮುದ್ರಣದ ಪತ್ತೇದಾರಿ ಕಾದಂಬರಿಗಳು ಒಟ್ಟಾಗಿ ಲಭ್ಯವಾಗಬೇಕು. ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಅಂಗಡಿಗಳಲ್ಲಿ ರಟ್ಟು ಹೋದ, ಮೊದಲ ಹಾಳೆ ಹರಿದ ಪ್ರತಿಗಳೇ ಕೈಯಿಂದ ಕೈಗೆ ಸಾಗಿದವು. ಮೊದಲ ಹಾಳೆಯೊಂದಿಗೆ ಪ್ರಕಟಣೆಯ ವರ್ಷವೂ ಹೋಯಿತು. ತಾಲ್ಲೂಕು ಮಟ್ಟದ ಗ್ರಂಥಾಲಯಗಳು ಉಳಿದಿರುವ ಪ್ರತಿಗಳನ್ನು ಜೀರ್ಣವೆಂದು ವಿಲೇವಾರಿ ಮಾಡುವ ಮುನ್ನ ಕನಿಷ್ಠ ಶೀರ್ಷಿಕೆ, ಲೇಖಕ, ಮುದ್ರಣಾಲಯಗಳ ಪಟ್ಟಿಯನ್ನಾದರೂ ಬರೆದಿಡಬೇಕು. ಪುರುಷೋತ್ತಮ ಎಂದಾದರೂ ಮಂಡ್ಯದಲ್ಲಿ ರೈಲಿಳಿದು ಹಳ್ಳಿಯೊಂದರ ಜಗಲಿಯ ಮೇಲೆ ಕುಳಿತು ಪ್ರಶ್ನೆ ಕೇಳಿದನೆ, ಕೇಳಿದ್ದರೆ ಊರವರು ಅವನಿಗೆ ಏನೆಂದು ಉತ್ತರಿಸಿದರು ಎಂಬುದು ಆಗ ತಿಳಿದೀತು.