ವೀರಭಯಾನಕಗಳ ಏಕಾಶ್ರಯವಿರೋಧ: ‘ರೆಸಿಡೆಂಟ್ ಈವಿಲ್ 6’ರ ವಿಮರ್ಶೆಗಳ ಪರಿಶೀಲನೆ

ಜಪಾನಿನ ಓಸಾಕಾ ನಗರದ ಕ್ಯಾಪ್ಕಾಮ್ ಸಂಸ್ಥೆಯವರು 2012ನೆಯ ಅಕ್ಟೋಬರಿನಲ್ಲಿ ಹೊರತಂದ ‘ರೆಸಿಡೆಂಟ್ ಈವಿಲ್ 6’ ಎಂಬ ವಿಡಿಯೋ ಆಟಕ್ಕೆ ವಿಮರ್ಶಕರಿಂದ ದೊರೆತ ಸ್ವಾಗತವು ಬಹು ವಿಷಮವಾದುದು. ಡಿಸ್ಟ್ರಕ್ಟಾಯ್ಡ್ ಪತ್ರಿಕೆಯು ಹತ್ತಕ್ಕೆ 3ನ್ನೂ, ಗೇಮ್‌ಸ್ಪಾಟ್ 4.5ನ್ನೂ ಕೊಟ್ಟರೆ, ಐ.ಜಿ.ಎನ್. 7.9ನ್ನು ಕೊಟ್ಟಿತು. ಇದೇ ಮಾಲೆಯ ನಾಲ್ಕನೆಯ ಆಟಕ್ಕೆ 2005ರಲ್ಲಿ ಸರ್ವರಿಂದಲೂ ಒಕ್ಕೊರಲ ಪ್ರಶಂಸೆ ಸಂದಿದ್ದುದನ್ನು ನೆನೆದರೆ ಈ ಪತನದ ಕಾರಣವು ವಿಚಾರಾರ್ಹವಾಗಿದೆ. ಇಂತಹ ಆಟಗಳ ವಿಚಾರವು ಸಾಹಿತ್ಯಪರಿಶೋಧಕರಿಗೆ ಸಲ್ಲದೆಂಬ ಆಕ್ಷೇಪಕ್ಕೆ ಉತ್ತರವಿಷ್ಟೆ: ವಿಭಾವಾನುಭಾವಗಳನ್ನು ಕೂಡಿಸಿ ಸ್ಥಾಯಿಯನ್ನು ಕೆರಳಿಸಲು ಹೊರಟ ಕೃತಿಯು ಓಲೆಗರಿಯ ಮೇಲಿದ್ದರೇನು, ಗಾಜಿನ ಫಲಕದ ಮೇಲಿದ್ದರೇನು, ರಸಶಾಸ್ತ್ರದ ವ್ಯಾಪ್ತಿಗೆ ಒಳಪಟ್ಟೇ ಇರುತ್ತದೆ.

ಈ ಮಾಲೆಯು 1996ರಲ್ಲಿ ಶಿಂಜಿ ಮಿಕಾಮಿ ಎಂಬಾತನ ನಿರ್ದೇಶನದಲ್ಲಿ ಆರಂಭವಾಯಿತು. ಕೊಳೆತ ಹೆಣಗಳು ಎದ್ದು ನಡೆಯುವ ಒಂದು ಹಳೆಯ ಬಂಗಲೆ. ಕೈಯಲ್ಲಿ ಎಣಿಸಿದಷ್ಟೇ ಗುಂಡುಗಳು. ಪ್ರಾಣವನ್ನು ಉಳಿಸಿಕೊಂಡು ಹೊರಬರುವುದೇ ಪುರುಷಾರ್ಥ. ಬೀಭತ್ಸದಿಂದ ಭಯಾನಕವು ಹುಟ್ಟುವುದೆಂದು ಭರತನು ಹೇಳಿದ ಕ್ರಮವೇ ಇಲ್ಲಿಯದು. ಇಂತಹ ಆಟಗಳಿಗೆ ‘ಸರ್ವೈವಲ್ ಹಾರರ್’ ಎಂಬ ಹೆಸರು ನಿಂತಿದೆ. ಆರನೆಯ ಆಟದಲ್ಲಿ ಈ ಭಯದ ಸ್ಥಾನವನ್ನು ಕಾದಾಟವು ಆಕ್ರಮಿಸಿತೆಂಬುದು ವಿಮರ್ಶಕರಲ್ಲಿ ಅನೇಕರ ದೂರು. ‘ಹೊಡೆದಾಟ ಹೆಚ್ಚಿತು, ಆದುದರಿಂದ ಹೆದರಿಕೆ ಕೆಟ್ಟಿತು’ ಎಂಬುದು ಅವರ ವಾದದ ಸಾರ.

ಈ ಹೇತುವು ಅನೈಕಾಂತಿಕವಾಗಿದೆ. ನಾಲ್ಕನೆಯ ಆಟದಲ್ಲೇನು ಹೊಡೆದಾಟ ಕಡಮೆಯೆ? ಸ್ಪೇನ್ ದೇಶದ ಒಂದು ಹಳ್ಳಿಯಲ್ಲಿ ಸೆರೆಸಿಕ್ಕ ಅಧ್ಯಕ್ಷಪುತ್ರಿಯನ್ನು ಬಿಡಿಸಲು ಹೋದ ಲಿಯಾನ್ ಎಂಬ ನಾಯಕನು ಅಲ್ಲಿ ಕೊಲ್ಲುವವರಿಗೆ ಲೆಕ್ಕವಿಲ್ಲ. ಆದರೂ ಅದು ಭಯಾನಕಕ್ಕೆ ನಿದರ್ಶನವೆಂದು ಅದೇ ವಿಮರ್ಶಕರಿಂದಲೇ ಕೊಂಡಾಡಲ್ಪಟ್ಟಿತು. ವೀರದ ಪ್ರಮಾಣವೇ ಭಯನಾಶಕ್ಕೆ ಕಾರಣವಾಗುವುದಾದರೆ 2005ರಲ್ಲಿಯೇ ಆ ನಾಶ ಸಂಭವಿಸಬೇಕಾಗಿತ್ತು.

ದೋಷವು ಪ್ರಮಾಣದಲ್ಲಿಲ್ಲ, ಆಶ್ರಯದಲ್ಲಿದೆ. ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ರಸವಿರೋಧವನ್ನು ಎರಡು ಬಗೆಯಾಗಿ ವಿಭಾಗಿಸಿದ್ದಾನೆ. ಒಂದೇ ಆಶ್ರಯದಲ್ಲಿ ಸೇರಿದರೆ ವಿರೋಧಿಸುವವು ಕೆಲವು. ನಡುವೆ ತೆರಪಿಲ್ಲದೆ ಬಂದರೆ ವಿರೋಧಿಸುವವು ಕೆಲವು. ವೀರಭಯಾನಕಗಳು ಮೊದಲನೆಯ ಬಗೆಗೆ ಸೇರಿದವು. ಉತ್ಸಾಹವು ನಾಯಕನಲ್ಲಿಯೂ ಭಯವು ಪ್ರತಿಪಕ್ಷದಲ್ಲಿಯೂ ಇರುವಂತೆ ಆಶ್ರಯವನ್ನು ಬೇರ್ಪಡಿಸಿದರೆ ವಿರೋಧವು ಅಳಿಯುವುದಷ್ಟೇ ಅಲ್ಲ, ಒಂದರಿಂದ ಇನ್ನೊಂದಕ್ಕೆ ಪುಷ್ಟಿಯೂ ದೊರೆಯುತ್ತದೆ. ಕುಮಾರವ್ಯಾಸನ ವಿರಾಟಪರ್ವದಲ್ಲಿ ಒಂದೇ ರಥದಲ್ಲಿ ಉತ್ತರನ ನಡುಕವೂ ಬೃಹನ್ನಳೆಯ ಧೈರ್ಯವೂ ಕುಳಿತು ಸಾಗುವುದು ಈ ಆಶ್ರಯಭೇದದಿಂದಲೇ. ಅಂತಃಪುರದಲ್ಲಿ ಬಡಾಯಿ ಕೊಚ್ಚಿದವನೇ ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವಾಗ ಫಲಿಸುವುದು ಹಾಸ್ಯ. ಶೌರ್ಯದ ಮಾತೂ ಭಯದ ಕಾಲೂ ಒಬ್ಬನಲ್ಲಿಯೇ ಕೂಡಿದರೆ ಆಗುವ ಪರಿಣಾಮವನ್ನು ಕವಿಯು ಬಲ್ಲನು, ಬಲ್ಲುದರಿಂದಲೇ ಅದನ್ನು ಬೇಕೆಂದು ಬಳಸಿದನು.

ಆದರೆ ಆಟದಲ್ಲಿ ಕಾವ್ಯಕ್ಕಿಲ್ಲದ ಒಂದು ತೊಡಕಿದೆ. ತೊಂಡೇಬಾವಿ, ಗೌರಿಬಿದನೂರುಗಳನ್ನೊಳಗೊಂಡ ಮೂಡಣ ಸೀಮೆಯ ಬಯಲಾಟದಲ್ಲಿ ರಾಕ್ಷಸವೇಷವು ಅಬ್ಬರಿಸುತ್ತ ರಂಗಕ್ಕೆ ಬಂದಾಗ ಮುಂದೆ ಕುಳಿತ ಮಕ್ಕಳು ಬೆಚ್ಚಿ ತಾಯಂದಿರ ಸೆರಗನ್ನು ಹಿಡಿಯುವುವು. ರಾಕ್ಷಸನೊಡನೆ ಕಾದುವ ಹೊಣೆ ಆ ಮಕ್ಕಳದಲ್ಲ. ಅದಕ್ಕೆ ಭೀಮನೋ ಕೃಷ್ಣನೋ ಇದ್ದಾನೆ. ವಿಡಿಯೋ ಆಟದಲ್ಲಿಯಾದರೋ ಬೆಚ್ಚಬೇಕಾದವನೂ ಕಾದಬೇಕಾದವನೂ ಒಬ್ಬನೇ. ಸಹೃದಯನ ಬೆರಳೇ ನಾಯಕನ ತೋಳು. ಏಕಾಶ್ರಯವಿರೋಧವು ಇಲ್ಲಿ ಪ್ರಮಾದದಿಂದ ಬರುವುದಲ್ಲ, ಪ್ರಕಾರದ ಹುಟ್ಟಿನೊಡನೆಯೇ ಬಂದುದು. ಅದನ್ನು ಬೇರ್ಪಡಿಸುವ ಉಪಾಯದಲ್ಲಿಯೇ ಕರ್ತೃವಿನ ಪ್ರತಿಭೆಯನ್ನು ಅಳೆಯತಕ್ಕದ್ದು.

ನಾಲ್ಕನೆಯ ಆಟದ ಉಪಾಯವು ಸರಳವೂ ಅಪೂರ್ವವೂ ಆಗಿದೆ. ಲಿಯಾನನು ಧೀರ, ಅಪಾಯದ ನಡುವೆಯೂ ಚಟಾಕಿ ಹಾರಿಸುವವನು. ಆದರೆ ಗುರಿಯಿಡಬೇಕಾದರೆ ಅವನು ನಿಂತಲ್ಲಿಯೇ ನಿಲ್ಲಬೇಕು; ನಡೆಯುತ್ತ ಗುಂಡು ಹಾರಿಸುವಂತಿಲ್ಲ. ಮುಖಕ್ಕೆ ಚೀಲವನ್ನು ಕವಿದುಕೊಂಡ ಒಬ್ಬನು ಯಂತ್ರಗರಗಸವನ್ನು ಮೊರೆಯಿಸುತ್ತ ಬರುವಾಗ ನಿಂತು ಗುರಿಯಿಡಬೇಕೋ ಬೆನ್ನು ತಿರುಗಿಸಿ ಓಡಬೇಕೋ ಎಂಬ ಸಂದೇಹವು ಆಡುವವನದು, ಲಿಯಾನನದಲ್ಲ. ಗರಗಸವು ಕೊರಳಿಗೆ ತಗುಲಿದರೆ ಆಟವು ಅಲ್ಲಿಗೆ ಮುಗಿಯಿತು. ಹೀಗೆ ಉತ್ಸಾಹವು ಪಾತ್ರದಲ್ಲಿ, ತ್ರಾಸವು ಕೈಯಲ್ಲಿ ನೆಲೆಸುವುವು. ನಿರಾಯುಧಳಾದ ಆಶ್ಲಿ ಎಂಬ ಕನ್ಯೆಯು ಜೊತೆಯಲ್ಲಿದ್ದು ಭಯಕ್ಕೆ ಇನ್ನೊಂದು ಆಶ್ರಯವಾಗುವಳು. 2009ರ ಐದನೆಯ ಆಟವು ನಿಂತು ಹೊಡೆಯುವ ನಿಯಮವನ್ನು ಉಳಿಸಿಕೊಂಡರೂ ಜೊತೆಗಾತಿಗೆ ಆಯುಧವನ್ನು ಕೊಟ್ಟಿತು. ಅಳವು ಅಲ್ಲಿಂದ ತಪ್ಪತೊಡಗಿತು.

ಆರನೆಯದರಲ್ಲಿ ನಾಯಕರು ನಡೆಯುತ್ತ ಹೊಡೆಯುವರು, ನೆಲದ ಮೇಲೆ ಜಾರುವರು, ಉರುಳುವರು. ಗುಂಡು ತೀರಿದರೆ ಮುಷ್ಟಿಪ್ರಹಾರ, ಪಾದಪ್ರಹಾರಗಳಿಂದಲೇ ಹೆಣಗಳನ್ನು ಕೆಡಹುವರು. ಕೈಯ ಕಟ್ಟು ಬಿಚ್ಚಿತು. ಕಥಾಭಾಗದಲ್ಲಿ ಮುಖದ ಮೇಲೆ ಶಂಕೆ, ತ್ರಾಸ, ವಿಷಾದಗಳನ್ನು ತಳೆದವನು ಮರುಕ್ಷಣವೇ ಐದಾರು ಪ್ರೇತಗಳನ್ನು ಒದೆದು ಉರುಳಿಸಿದರೆ ಉತ್ತರಕುಮಾರನ ಹಾಸ್ಯವೇ ಮಗುಚಿಕೊಂಡು ಬಂದಂತಾಗುತ್ತದೆ, ಕರ್ತೃವಿನ ವಿವಕ್ಷೆಯಿಲ್ಲದೆ. ಕೆಲವರು ನಕ್ಕರು, ಕೆಲವರು ಸಿಟ್ಟಾದರು. ನಗೆಗೂ ಸಿಟ್ಟಿಗೂ ಮೂಲವೊಂದೇ.

ಎರಡನೆಯ ಬಗೆಯ ವಿರೋಧವನ್ನೂ ಈ ಆಟವು ಪರಿಹರಿಸಲಿಲ್ಲ. ಹರ್ಷನ ನಾಗಾನಂದದಲ್ಲಿ ಶಾಂತಶೃಂಗಾರಗಳ ನಡುವೆ ಅದ್ಭುತವು ಬಂದು ತೆರಪು ಕೊಡುವಂತೆ, ಹಿಂದಿನ ಆಟಗಳಲ್ಲಿ ಬೆರಳಚ್ಚು ಯಂತ್ರವಿರುವ ಒಂದು ಕೋಣೆ, ಅಲ್ಲಿ ಮೆಲ್ಲನೆಯ ಸಂಗೀತ, ಶತ್ರುಗಳಿಗೆ ಪ್ರವೇಶವಿಲ್ಲ. ಆರನೆಯದರಲ್ಲಿ ಆ ಕೋಣೆಯೇ ಇಲ್ಲ.

ಹಾಗೆಂದು ಕೃತಿಯು ಸರ್ವಥಾ ನೀರಸವೆಂಬುದೂ ಅನ್ಯಾಯ. ಅದರ ನಾಲ್ಕು ಕಥೆಗಳಲ್ಲಿ ಜೇಕ್ ಎಂಬವನ ಕಥೆಯಲ್ಲಿ, ಉಸ್ತನಾಕ್ ಎಂಬ ದೈತ್ಯನು ಬೆನ್ನಟ್ಟುವಾಗ, ಬರಿಗೈಯಲ್ಲೇ ಶೂರನಾದವನೂ ಮರೆಯಲ್ಲಿ ಅಡಗಬೇಕಾಗುತ್ತದೆ. ಅಷ್ಟು ಹೊತ್ತು ಭಯಾನಕವು ಮರಳಿ ಉಸಿರಾಡುತ್ತದೆ. ಹೆಚ್ಚಿನ ವಿಮರ್ಶಕರು ಈ ಭಾಗವನ್ನು ಉಳಿದುದರೊಡನೆ ಒಂದೇ ತಕ್ಕಡಿಯಲ್ಲಿ ತೂಗಿದರು. ಆಶ್ರಯವನ್ನು ಬಿಟ್ಟು ಪ್ರಮಾಣವನ್ನು ಹಿಡಿದುದರ ಫಲವಿದು. ಜನರು ಕೊಂಡರಲ್ಲಾ, ಮಾರಾಟವು ಕಾಲಾಂತರದಲ್ಲಿ ಒಂದು ಕೋಟಿ ಪ್ರತಿಗಳನ್ನು ದಾಟಿತಲ್ಲಾ ಎಂಬ ಸಮರ್ಥನೆಯೂ ಇದೆ. ಕೊಂಡವರ ಸಂಖ್ಯೆಯಿಂದ ರಸಸಿದ್ಧಿಯನ್ನು ನಿರ್ಣಯಿಸುವುದಾದರೆ ಪಂಚಾಂಗಕ್ಕೆ ಮಿಗಿಲಾದ ಕಾವ್ಯವಿಲ್ಲ.

2017ರ ಏಳನೆಯ ಆಟದಲ್ಲಿ ಸಂಸ್ಥೆಯವರು ಯೋಧನನ್ನು ಬಿಟ್ಟು ಈಥನ್ ಎಂಬ ಸಾಮಾನ್ಯ ಗೃಹಸ್ಥನನ್ನು ನಾಯಕನನ್ನಾಗಿಸಿದರು, ಪ್ರಶಂಸೆ ಮರಳಿತು. ಇಲ್ಲಿ ಉದ್ಭವಿಸುವ ಪ್ರತಿಪ್ರಶ್ನೆಯೆಂದರೆ 2023ರಲ್ಲಿ ಪುನಾರಚಿತವಾದ ನಾಲ್ಕನೆಯ ಆಟವು. ಅದರಲ್ಲಿ ಲಿಯಾನನು ನಡೆಯುತ್ತಲೇ ಗುರಿಯಿಡಬಲ್ಲನು, ಗರಗಸದ ಏಟನ್ನೂ ಚಾಕುವಿನಿಂದ ತಡೆಯಬಲ್ಲನು. ಆದರೂ ವಿಮರ್ಶಕರು ಅದನ್ನು ಮೆಚ್ಚಿದರು. ಸಮಾಧಾನವು ಆ ಚಾಕುವಿನಲ್ಲಿಯೇ ಇದೆ. ತಡೆದಂತೆಲ್ಲ ಅದು ಸವೆಯುತ್ತದೆ, ಕೊನೆಗೆ ಮುರಿಯುತ್ತದೆ. ವ್ಯಾಪಾರಿಯು ಸಿಕ್ಕುವವರೆಗೆ ಅದನ್ನು ದುರಸ್ತಿ ಮಾಡಿಸುವಂತಿಲ್ಲ. ಕಾಲಿನಿಂದ ಬಿಚ್ಚಿದ ಕಟ್ಟನ್ನು ಆಯುಧಕ್ಕೆ ಬಿಗಿದಿದ್ದಾರೆ.